ಎ ಸೈಡಿನಲ್ಲಿ ನಾಸ್, ಬಿ ಸೈಡಿನಲ್ಲಿ ಸವಾಲ್

ಅಧ್ಯಕ್ಷರೇ, ಮುಂದಿನ ಸಾಲಿನ ಹಿರಿಯರೇ, ಹಿಂದೆ ಗೋಡೆಗೆ ಒರಗಿ ನಿಂತ ಹುಡುಗರೇ, ಹುಡುಗಿಯರೇ,

ಕಾರ್ಯಕ್ರಮದವರು ಫೋನಿನಲ್ಲಿ ವಿಷಯ ಹೇಳಿದಾಗ ನಾನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ರಾಯಚೂರಿನಲ್ಲಿ, ಕನ್ನಡದಲ್ಲಿ, ಹಿಪ್‌ಹಾಪ್ ಬಗ್ಗೆ, ಅಂದರೆ ತಾಳದ ಮೇಲೆ ಪ್ರಾಸದ ಮಾತು ಹೇಳುವ ಅಮೆರಿಕದ ರ‍್ಯಾಪ್ ಹಾಡುಗಳ ಬಗ್ಗೆ, ಅದೂ ಅರವತ್ತರ ಹತ್ತಿರ ಬಂದ ನಾನು ಮಾತಾಡಬೇಕಂತೆ. "ವಿಮರ್ಶಕರು ತಲಿ ಮ್ಯಾಲೆ ಹೊತ್ತು ಕುಣಿದ ಆಲ್ಬಂಗಳು ಅಂಗಡ್ಯಾಗ ಯಾಕ ಮಾರಂಗಿಲ್ಲ, ಅದನ್ನ ಹೇಳ್ರಿ ಸರ್" ಅಂದರು. ನಾನು ಒಪ್ಪಿದ್ದು ಪಾಂಡಿತ್ಯದ ಧೈರ್ಯದಿಂದಲ್ಲ. ಮಾರಾಟ ಕಡಿಮೆ ಮಾಡಿದ ಪಾಪದಲ್ಲಿ ನನ್ನದೂ ಒಂದು ಪಾಲಿದೆ, ಅದಕ್ಕೆ.

ಕಾಲೇಜಿಗೆ ಪಾಠ ಹೇಳಲು ಸೇರುವ ಮುಂಚೆ ನಾನು ತೀನ್ ಕಂದೀಲ್ ಹತ್ತಿರ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕೂಡುತ್ತಿದ್ದೆ. ಅಂಗಡಿ ಅಂದರೆ ಅಂಗಡಿಯಲ್ಲ, ಎರಡು ಡೆಕ್ಕು, ಒಂದು ಟೇಬಲ್ ಫ್ಯಾನು. ಜನ ಚೀಟಿಯಲ್ಲಿ ಹಾಡಿನ ಹೆಸರು ಬರೆದು ಖಾಲಿ ಕ್ಯಾಸೆಟ್ ಕೊಟ್ಟು ಹೋಗೋರು, ಸಂಜೆ ತುಂಬಿಸಿ ಕೊಡೋದು. ಅರವತ್ತು ನಿಮಿಷದ್ದಕ್ಕೆ ಒಂದು ರೇಟು, ತೊಂಬತ್ತರದ್ದಕ್ಕೆ ಒಂದು ರೇಟು. 1995ರ ಬೇಸಿಗೆ ಇರಬೇಕು, ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಶಕ್ತಿನಗರದ ಹುಡುಗನೊಬ್ಬ ಒಂದು ಇಂಗ್ಲಿಷ್ ಕ್ಯಾಸೆಟ್ ತಂದ. ಮುಚ್ಚಳದ ಮೇಲೆ ಒಂದು ಮಗುವಿನ ಮುಖ, ಅದರೊಳಗಿಂದಲೇ ಕಾಣುವ ಬಡಾವಣೆ ಮನೆಗಳು. "ಅಣ್ಣಾ, ಇದು ನಲವತ್ತು ನಿಮಿಷ ಸೈತ ಇಲ್ಲ. ತೊಂಬತ್ತರದ್ರಾಗ ಒಂದ ಸೈಡಿಗೆ ಕುಂದರ್ತದ" ಅಂದ. ಕುಂತಿತು. ಐದು ನಿಮಿಷ ಉಳಿಯಿತು ಕೂಡ. ಆಮೇಲೆ ಅದರಿಂದ ನಾನು ಎಷ್ಟು ನಕಲು ತೆಗೆದೆ ಅಂತ ಲೆಕ್ಕ ಇಟ್ಟಿಲ್ಲ. ಮೂಲ ಕ್ಯಾಸೆಟ್ಟನ್ನು ಒಬ್ಬನೂ ದುಡ್ಡು ಕೊಟ್ಟು ಕೊಳ್ಳಲಿಲ್ಲ, ಅದು ಮಾತ್ರ ನೆನಪಿದೆ.

ಅದು ನಾಸ್ ಎಂಬ ಕಲಾವಿದನ 'ಇಲ್‌ಮ್ಯಾಟಿಕ್'. 1994ರ ಏಪ್ರಿಲ್ 19ರಂದು ಬಿಡುಗಡೆಯಾದದ್ದು. ಆಗ ಅವನಿಗೆ ಇಪ್ಪತ್ತು ವರ್ಷ. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿ ಬಡಾವಣೆಯ ಹುಡುಗ, ತಂದೆ ಓಲು ದಾರಾ ಜಾಝ್ ವಾದಕ. ಆಗ ಹಿಪ್‌ಹಾಪ್ ಲೋಕದಲ್ಲಿ 'ದಿ ಸೋರ್ಸ್' ಪತ್ರಿಕೆಯ ಮಾತೇ ಮಾತು. ಅದು ಅಂಕವನ್ನು ಮೈಕಿನ ಚಿತ್ರದಲ್ಲಿ ಕೊಡುತ್ತಿತ್ತು, ಪೂರ್ತಿ ಐದು ಮೈಕು ಸಿಕ್ಕೋದು ಅಪರೂಪ. ಈ ಹುಡುಗನ ಮೊದಲ ಆಲ್ಬಮ್ಮಿಗೇ ಐದು ಕೊಟ್ಟರು. ಮೊದಲ ವಾರದ ಮಾರಾಟ ಮಾತ್ರ ಸುಮಾರು 60 ಸಾವಿರ. ಕಡಿಮೆಯೇನಲ್ಲ ಅನಿಸಬಹುದು. ಅದಕ್ಕೆ ಐದಾರು ತಿಂಗಳ ಮುಂಚೆ, 1993ರ ನವೆಂಬರಿನಲ್ಲಿ, ಸ್ನೂಪ್ ಎಂಬ ಇನ್ನೊಬ್ಬ ರ‍್ಯಾಪ್ ಹಾಡುಗಾರನ ಮೊದಲ ಆಲ್ಬಂ ಒಂದೇ ವಾರದಲ್ಲಿ 8 ಲಕ್ಷಕ್ಕೂ ಹೆಚ್ಚು ಹೋಗಿತ್ತು. ಅದರ ಪಕ್ಕಕ್ಕಿಟ್ಟು ನೋಡಿ.

ಇದನ್ನು ಕೇಳಿದ ಕೂಡಲೇ ನಮ್ಮವರು ಒಂದು ತೀರ್ಪು ಕೊಡುತ್ತಾರೆ: ಜನಕ್ಕೆ ಒಳ್ಳೇದರ ರುಚಿ ಇಲ್ಲ. ನನಗೆ ಈ ತೀರ್ಪಿನಷ್ಟು ಸಿಟ್ಟು ಬರಿಸುವ ಮಾತು ಇನ್ನೊಂದಿಲ್ಲ. ನ್ಯೂಯಾರ್ಕಿನ ಜನಕ್ಕೆ ಆ ಆಲ್ಬಂ ಬೇಕಾಗಿತ್ತು, ಎಷ್ಟು ಬೇಕಾಗಿತ್ತೆಂದರೆ ಬಿಡುಗಡೆಗೆ ಮುಂಚೆಯೇ ಡೂಪ್ಲಿಕೇಟ್ ಪ್ರತಿಗಳು ಬೀದಿಗೆ ಬಂದಿದ್ದವು. ಆಲ್ಬಮ್ಮಿನ ನಿರ್ಮಾಣದ ಹಿಂದಿದ್ದ ಎಂ.ಸಿ. ಸರ್ಚ್ ಮುಂದೆ ಹೇಳಿಕೊಂಡಂತೆ ಒಂದು ಗ್ಯಾರೇಜಿನಲ್ಲೇ 60 ಸಾವಿರ ನಕಲಿ ಪ್ರತಿ ಅವರ ಕಣ್ಣಿಗೆ ಬಿದ್ದಿದ್ದವು. ಅವರ ಮಾತು ನಿಜವಾದರೆ, ಮೊದಲ ವಾರ ಅಂಗಡಿಗಳಲ್ಲೆಲ್ಲ ಮಾರಿದ್ದು ಎಷ್ಟೋ, ಒಂದು ಗ್ಯಾರೇಜಿನಲ್ಲಿ ಬಿದ್ದಿದ್ದೂ ಅಷ್ಟೇ. ಇಲ್ಲಿ ಜನರ ಪ್ರೀತಿ ಕಡಿಮೆಯಾದದ್ದು ಎಲ್ಲಿ ಬಂತು? ಪ್ರೀತಿ ಇತ್ತು, ರಸೀದಿ ಇರಲಿಲ್ಲ.

ಹತ್ತಿ ಮಾರಿದವರು ಇಲ್ಲಿ ಬಹಳ ಜನ ಇದ್ದೀರಿ. ಅದೇ ಹೊಲದ ಅದೇ ಹತ್ತಿ, ಇವತ್ತು ಎಪಿಎಂಸಿಗೆ ಹಾಕಿದರೆ ಒಂದು ರೇಟು, ಆವಕ ಜಾಸ್ತಿ ಆದ ದಿನ ಹಾಕಿದರೆ ಇನ್ನೊಂದು. ಸಂಜೆ ಮನೆಗೆ ಬಂದಾಗ ಹೆಂಡತಿ "ಹತ್ತಿ ಚಲೋ ಇರಲಿಲ್ಲೇನು?" ಅಂತ ಕೇಳಿದರೆ ಏನು ಹೇಳುತ್ತೀರಿ? ಆಲ್ಬಮ್ಮಿನ ಮಾರಾಟದ ಅಂಕಿಯೂ ಬಹುಮಟ್ಟಿಗೆ ಇಂಥದ್ದೇ. ಅದು ಹೊರಟ ದಿನ ದಾರಿ ಹೇಗಿತ್ತು, ಯಾರು ತೂಗಿದರು, ಯಾವ ತಕ್ಕಡಿಯಲ್ಲಿ ತೂಗಿದರು, ಇದಿಷ್ಟನ್ನು ಅದು ಹೇಳುತ್ತದೆ.

ತಕ್ಕಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 1991ರವರೆಗೆ, ಯಾವ ಆಲ್ಬಂ ಎಷ್ಟು ಹೋಯಿತು ಅಂತ ವಾರವಾರ ಹೇಳುವ ಅಮೆರಿಕದ ಪ್ರಸಿದ್ಧ ಬಿಲ್‌ಬೋರ್ಡ್ ಪಟ್ಟಿಗೆ ಅಂಗಡಿಯವರು ಬಾಯಿಮಾತಿನಲ್ಲಿ ವರದಿ ಕೊಡುತ್ತಿದ್ದರು. ಈ ವಾರ ಏನು ಚೆನ್ನಾಗಿ ಹೋಯಿತು ಅಂತ ಕೇಳಿದರೆ ಮ್ಯಾನೇಜರು ತನಗೆ ತೋಚಿದ್ದು ಹೇಳುವುದು. ಆ ವರ್ಷ ಸೌಂಡ್‌ಸ್ಕ್ಯಾನ್ ಬಂತು, ಕೌಂಟರಿನಲ್ಲಿ ಬಾರ್‌ಕೋಡ್ ಓದಿಸಿ ಎಣಿಸುವ ಪದ್ಧತಿ. ಕೆಲವೇ ವಾರಗಳಲ್ಲಿ, ಜೂನಿನಲ್ಲಿ, ಎನ್.ಡಬ್ಲ್ಯು.ಎ. ಎಂಬ ರ‍್ಯಾಪ್ ಗುಂಪಿನ ಆಲ್ಬಂ ಮೊದಲ ಸ್ಥಾನದಲ್ಲಿ ಕೂತಿತ್ತು. ರೇಡಿಯೋದವರು ಹತ್ತಿರ ಸೇರಿಸದ ಗುಂಪು ಅದು. ಜನ ಒಂದೇ ತಿಂಗಳಲ್ಲಿ ಬದಲಾಗಿರಲಿಕ್ಕಿಲ್ಲ, ಎಣಿಸುವ ರೀತಿ ಬದಲಾಗಿತ್ತು. ಆದರೂ ಫುಟ್‌ಪಾತಿನ ಮೇಲೆ ಬಟ್ಟೆ ಹಾಸಿ ಮಾರುವವನ ಹತ್ತಿರ ಬಾರ್‌ಕೋಡ್ ಯಂತ್ರ ಇರುವುದಿಲ್ಲ, ಹಿಪ್‌ಹಾಪಿನ ಬಹುಪಾಲು ಜೀವ ಇದ್ದದ್ದು ಅವನ ಹತ್ತಿರವೇ. ಇನ್ನು ಗೋಲ್ಡ್, ಪ್ಲಾಟಿನಂ ಎಂಬ ಪಟ್ಟಗಳು, ಅಂದರೆ 5 ಲಕ್ಷ ಪ್ರತಿಗೆ ಗೋಲ್ಡ್, 10 ಲಕ್ಷಕ್ಕೆ ಪ್ಲಾಟಿನಂ. ಅವು ಬಹಳ ಕಾಲ ಅಂಗಡಿಗೆ ಕಳಿಸಿದ ಮಾಲಿನ ಲೆಕ್ಕ, ಗಿರಾಕಿಯ ಕೈ ಸೇರಿದ್ದರದ್ದಲ್ಲ. ಈಗ ಹೇಗೆ ಅಂದರೆ ಇಂಟರ್ನೆಟ್ಟಿನಲ್ಲಿ 1500 ಸಲ ಹಾಡು ಸ್ಟ್ರೀಮ್ ಆದರೆ ಒಂದು ಆಲ್ಬಂ ಮಾರಿದಂತೆ. ಒಂದೇ ಹಾಡನ್ನು ಹಗಲು ರಾತ್ರಿ ಹಾಕಿಕೊಂಡು ಕೂತರೂ ನಡೆಯುತ್ತದೆ. ಪೂರ್ತಿ ಆಲ್ಬಂ ಒಂದೇ ಉಸಿರಿಗೆ ಕೇಳಿ ಸುಮ್ಮನೆ ಕೂತು ಯೋಚಿಸುವವನು ಈ ಲೆಕ್ಕದಲ್ಲಿ ಬಡಪಾಯಿ.

ದಾರಿಯ ವಿಷಯಕ್ಕೆ ಬರೋಣ. ವಿಮರ್ಶಕನಿಗೆ ಆಲ್ಬಂ ಪುಕ್ಕಟೆ ಬರುತ್ತದೆ, ಅವನ ಕೆಲಸವೇ ಅದನ್ನು ಐದು ಸಲ ಕೇಳುವುದು. ಸಾಮಾನ್ಯ ಗಿರಾಕಿಗೆ ರೇಡಿಯೋದಲ್ಲಿ ಒಂದು ಹಾಡು ಕಿವಿಗೆ ಬೀಳಬೇಕು, ಪಲ್ಲವಿ ನಾಲಿಗೆ ಮೇಲೆ ನಿಲ್ಲಬೇಕು, ಆಗ ಅವನು ಜೇಬಿಗೆ ಕೈ ಹಾಕುತ್ತಾನೆ. ಪಲ್ಲವಿಯೇ ಇಲ್ಲದ ಹಾಡುಗಳ ಆಲ್ಬಂ ಮಾಡಿದರೆ? 'ಮ್ಯಾಡ್‌ವಿಲನಿ' ಹಾಗೆಯೇ ಮಾಡಿತು. ಎಂ.ಎಫ್. ಡೂಮ್ ಎಂಬ ಮುಖವಾಡ ತೊಟ್ಟ ರ‍್ಯಾಪರ್, ಮ್ಯಾಡ್‌ಲಿಬ್ ಎಂಬ ಸಂಗೀತಗಾರ, ಇಬ್ಬರೂ ಸೇರಿ ಮಾಡಿದ್ದು. 22 ತುಣುಕು, ಮುಕ್ಕಾಲು ಗಂಟೆಯ ಆಸುಪಾಸು. ಹಾಡು ಹಿಡಿಸುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಅದರ ಕಚ್ಚಾ ಪ್ರತಿ ಬ್ರೆಜಿಲ್ ಪ್ರವಾಸದಲ್ಲಿ ಕಳುವಾಗಿ ಬಿಡುಗಡೆಗೆ 14 ತಿಂಗಳ ಮುಂಚೆಯೇ ಇಂಟರ್ನೆಟ್ಟಿಗೆ ಬಂದುಬಿಟ್ಟಿತು. ಬೇಸರದಿಂದ ಇಬ್ಬರೂ ಬೇರೆ ಕೆಲಸಕ್ಕೆ ಹೋದರು, ಆಮೇಲೆ ಮರಳಿ ಬಂದು ಡೂಮ್ ತನ್ನ ದನಿಯನ್ನೇ ತಗ್ಗಿಸಿ ಮತ್ತೆ ಹಾಡಿದ. 2004ರಲ್ಲಿ ಹೊರಬಂತು. ಬಿಲ್‌ಬೋರ್ಡ್‌ನಲ್ಲಿ 179ನೇ ಸ್ಥಾನದ ಮೇಲೆ ಏರಲಿಲ್ಲ. ಒಟ್ಟು ಮಾರಿದ್ದು ಸುಮಾರು ಒಂದೂವರೆ ಲಕ್ಷ.

ಈ ಒಂದೂವರೆ ಲಕ್ಷ ಕಡಿಮೆಯೋ ಹೆಚ್ಚೋ? ದೊಡ್ಡ ಕಂಪನಿ ಆಗಿದ್ದರೆ ಆ ಹುಡುಗರನ್ನು ಕರೆದು ಚಹಾ ಕುಡಿಸಿ ಮನೆಗೆ ಕಳಿಸಿರೋದು. ಬಿಡುಗಡೆ ಮಾಡಿದ್ದು ಸ್ಟೋನ್ಸ್ ಥ್ರೋ ಎಂಬ ಸಣ್ಣ ಲೇಬಲ್, ಅಂದರೆ ರೆಕಾರ್ಡ್ ಕಂಪನಿ, ಅವರಿಗೆ ಅದೇ ಹಬ್ಬ. ಆ ದುಡ್ಡಿನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಚೇರಿ ತೆರೆದರು. ನಮ್ಮಲ್ಲಿ ಸಾವಿರ ಪ್ರತಿ ಅಚ್ಚಾದ ಕವನ ಸಂಕಲನ ಎರಡನೇ ಮುದ್ರಣ ಕಂಡರೆ ಪ್ರಕಾಶಕರು ಸಿಹಿ ಹಂಚುವುದಿಲ್ಲವೇ? ಹಾಗಾಗಿ ಕಡಿಮೆ ಮಾರಾಟ ಅಂದಾಗ ಯಾರ ಖರ್ಚಿನ ಎದುರು ಕಡಿಮೆ ಅಂತ ಮೊದಲು ಕೇಳಿ.

ರೇಡಿಯೋದ ಬಾಗಿಲು ಮೊದಲೇ ಕಿರಿದು, ಅಮೆರಿಕದಲ್ಲಿ 1996ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಇನ್ನೂ ಕಿರಿದಾಯಿತು. ಒಂದು ಕಂಪನಿ ದೇಶದಲ್ಲಿ ಇಷ್ಟೇ ಸ್ಟೇಷನ್ ಇಟ್ಟುಕೊಳ್ಳಬೇಕು ಎಂಬ ಮಿತಿ ಹೋಯಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನಲ್ ಎಂಬ ಒಂದೇ ಕಂಪನಿಯ ಕೈಗೆ 1200ಕ್ಕೂ ಹೆಚ್ಚು ಸ್ಟೇಷನ್. ಊರಿನ ಡಿಜೆ ತನಗೆ ಹಿಡಿಸಿದ ಹುಡುಗನ ಹಾಡು ಹಾಕುವ ಕಾಲ ಅಲ್ಲಿಗೆ ಮುಗಿಯುತ್ತಾ ಬಂತು.

ಕೆಲವು ಆಲ್ಬಂಗಳನ್ನು ಕೊಳ್ಳಬೇಕೆಂದರೂ ಸಿಗದು. ಹಿಪ್‌ಹಾಪ್ ಹುಟ್ಟಿದ್ದೇ ಹಳೇ ರೆಕಾರ್ಡುಗಳ ತುಣುಕು ಹಿಡಿದು, ಸ್ಯಾಂಪಲ್ ಅನ್ನುತ್ತಾರೆ. ನಮ್ಮಜ್ಜಿ ಹಳೇ ಸೀರೆ ತುಂಡು ಸೇರಿಸಿ ಕೌದಿ ಹೊಲಿಯುತ್ತಿದ್ದಳಲ್ಲ, ಹಾಗೆ. ಆಮೇಲೆ ಒಂದೊಂದು ತುಂಡಿನ ಮಾಲೀಕರೂ ಬಂದು ನನ್ನ ಸೀರೆ ಎಲ್ಲಿ ಅಂತ ನಿಂತರು. 1991ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಬಿಜ್ ಮಾರ್ಕಿ ಎಂಬ ರ‍್ಯಾಪರ್ ವಿರುದ್ಧ ಆದೇಶ ಕೊಟ್ಟು, ಕದಿಯಬೇಡ ಎಂಬ ಬೈಬಲ್ಲಿನ ಆಜ್ಞೆಯಿಂದಲೇ ತೀರ್ಪು ಆರಂಭಿಸಿತು. ಡೆ ಲಾ ಸೋಲ್ ಗುಂಪಿನ 1989ರ ಮೊದಲ ಆಲ್ಬಂ ತನ್ನ ಕಾಲದಲ್ಲಿ ಚೆನ್ನಾಗಿಯೇ ಹೋದದ್ದು, ಆದರೆ ಸ್ಯಾಂಪಲ್ ಹಕ್ಕಿನ ತಗಾದೆಯಲ್ಲಿ ಸಿಕ್ಕಿ 2023ರ ಮಾರ್ಚ್‌ವರೆಗೆ ಸ್ಟ್ರೀಮಿಂಗ್‌ಗೆ ಬರಲೇ ಇಲ್ಲ. ಒಂದು ಇಡೀ ತಲೆಮಾರಿಗೆ ಹೆಸರು ಗೊತ್ತು, ಹಾಡು ಗೊತ್ತಿಲ್ಲ.

ಕೇಳುಗನ ನಿರೀಕ್ಷೆಯೂ ಒಂದು ಅಡ್ಡಗಾಲು. ಬೀಸ್ಟಿ ಬಾಯ್ಸ್ ಎಂಬ ರ‍್ಯಾಪ್ ಗುಂಪಿನವರು 1986ರಲ್ಲಿ ಗಲಾಟೆಯ, ಕುಡಿತದ ಆಲ್ಬಂ ಮಾಡಿ ಲಕ್ಷಾಂತರ ಮಾರಿದರು. 1989ರಲ್ಲಿ 'ಪಾಲ್ಸ್ ಬುಟೀಕ್' ಎಂಬ ಅದ್ಭುತ ಕೌದಿ ಹೊಲಿದು ತಂದಾಗ ಹಳೇ ಗಿರಾಕಿಗಳು ಇದೇನ್ರೀ ಅಂತ ಮುಖ ನೋಡಿದರು. ನಾಟಕ ಕಂಪನಿಯ ಹಾಸ್ಯನಟ ಒಂದು ರಾತ್ರಿ ಇದ್ದಕ್ಕಿದ್ದಂತೆ ಗಂಭೀರ ಪಾತ್ರ ಮಾಡಿದರೆ ಏನಾಗುತ್ತದೋ ಅದೇ ಆಯಿತು. ಹತ್ತು ವರ್ಷ ಕಳೆದು 1999ರ ಹೊತ್ತಿಗೆ ಅದಕ್ಕೆ ಡಬಲ್ ಪ್ಲಾಟಿನಂ ಪಟ್ಟ. ಇಲ್‌ಮ್ಯಾಟಿಕ್ ಕೂಡ 1996ಕ್ಕೆ ಗೋಲ್ಡ್, 2001ಕ್ಕೆ ಪ್ಲಾಟಿನಂ. ಈಗ ಅಮೆರಿಕದ ಸಂಸತ್ ಗ್ರಂಥಾಲಯದ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯಲ್ಲಿದೆ. ಇಂಥವು ಅಂಗಡಿಯಲ್ಲಿ ಸೋತವು ಅನ್ನುವುದಕ್ಕಿಂತ ನಿಧಾನಕ್ಕೆ ಮಾರಿದವು ಅನ್ನುವುದು ಸರಿ. ಕಂಪನಿಗೆ ಕಾಯುವ ವ್ಯವಧಾನ ಇರಲಿಲ್ಲ, ಅಷ್ಟೇ.

ಹಾಗಂತ ಕಲಾವಿದನ ಆಯ್ಕೆಯೇ ಇಲ್ಲ ಅನ್ನಲಾರೆ. ನಾಸ್ ತನ್ನ ಎರಡನೇ ಆಲ್ಬಮ್ಮಿಗೆ ನಿರ್ಮಾಪಕರನ್ನು ಬದಲಾಯಿಸಿದ, ಲಾರಿನ್ ಹಿಲ್ ಎಂಬ ಗಾಯಕಿಯ ದನಿಯ ಪಲ್ಲವಿ ಸೇರಿಸಿದ. ಅದು 1996ರಲ್ಲಿ ಬಂದವಾರವೇ ಮೊದಲ ಸ್ಥಾನ, ಕೆಲವೇ ತಿಂಗಳಲ್ಲಿ 10 ಲಕ್ಷ ದಾಟಿತು. ವಿಮರ್ಶಕರು ಮೂಗು ಮುರಿದರು. ನನಗೆ ಅದೂ ಇಷ್ಟ, ಬೈಯುವವರು ಬೈಯಲಿ. ಜೇ-ಝೀ ಎಂಬ ರ‍್ಯಾಪರ್ 2003ರ ಹಾಡೊಂದರಲ್ಲಿ, ವಿಮರ್ಶಕರು ಮೆಚ್ಚಿದ ತಾಲಿಬ್ ಕ್ವೇಲಿ, ಕಾಮನ್ ಎಂಬ ಇಬ್ಬರು ರ‍್ಯಾಪರ್‌ಗಳ ಹೆಸರು ತೆಗೆದು, ಬಾಯಿಬಿಟ್ಟೇ ಹೇಳುತ್ತಾನೆ: ಬರೀ ಕಸುಬಿಗೇ ಮಾರುಕಟ್ಟೆ ಇದ್ದಿದ್ದರೆ ನಾನೂ ತಾಲಿಬ್ ಕ್ವೇಲಿಯ ಹಾಗೆ ಬರೆಯುತ್ತಿದ್ದೆ, 50 ಲಕ್ಷ ಪ್ರತಿ ಹೋದ ಮೇಲೆ ಕಾಮನ್‌ನ ಹಾಗೆ ಬರೆಯೋದು ಬಿಟ್ಟೆ. ಇದು ಸೊಕ್ಕೋ ನಾಚಿಕೆಯೋ, ಇಪ್ಪತ್ತು ವರ್ಷವಾದರೂ ನನಗೆ ತೀರ್ಮಾನ ಆಗಿಲ್ಲ. ಇನ್ನೊಂದು ಕಡೆ ಅದೇ ಲಾರಿನ್ ಹಿಲ್ 1998ರಲ್ಲಿ ಕಸುಬನ್ನೂ ಬಿಡದೆ ಮೊದಲ ವಾರವೇ 4 ಲಕ್ಷ ದಾಟಿಸಿದಳು. ಕೆಂಡ್ರಿಕ್ ಲಮಾರ್ ಎಂಬ ರ‍್ಯಾಪರ್‌ನ ಆಲ್ಬಂ ಜನರ ಬಾಯಲ್ಲೂ ಇತ್ತು, 2018ರಲ್ಲಿ ಪುಲಿಟ್ಜರ್ ಬಹುಮಾನವೂ ಬಂತು. ಒಳ್ಳೇದು ಮಾರೋದಿಲ್ಲ ಅಂತ ಎದೆ ತಟ್ಟಿಕೊಳ್ಳುವ ಹುಡುಗರು ಇವರಿಬ್ಬರ ಎದುರು ಸ್ವಲ್ಪ ಸುಮ್ಮನಿರಬೇಕಾಗುತ್ತದೆ.

ನಮ್ಮೂರಿಗೆ ಬರುತ್ತೇನೆ. ಪಂಡಿತ್ ಸಿದ್ಧರಾಮ ಜಂಬಲದಿನ್ನಿ ಅವರ ಹೆಸರಿನ ರಂಗಮಂದಿರ ಇಲ್ಲೇ ಇದೆ. ಅವರ ವಚನ ಗಾಯನವನ್ನು ಹೊಗಳದವರಿಲ್ಲ. ನನ್ನ ಕೌಂಟರಿಗೆ ಅವರ ಹೆಸರು ಚೀಟಿಯಲ್ಲಿ ಬರೆದುಕೊಂಡು ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು, ಬಂದವರು ಮಾತ್ರ ಕಣ್ಣು ಮುಚ್ಚಿ ಕೇಳೋರು. ರ‍್ಯಾಪಿನ ಕಾಳಗ ಕೇಳಿ ಬೆರಗಾಗುವ ನಿಮಗೆ ಹರದೇಶಿ-ನಾಗೇಶಿ ಮೇಳಗಳ ಸವಾಲ್-ಜವಾಬ್ ನೆನಪಿರಬೇಕು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಬೆಳಗಿನತನಕ ಒಬ್ಬರನ್ನೊಬ್ಬರು ಕಟ್ಟಿಹಾಕುವುದು, ಪದದ ಕೊನೆಗೆ ಊರಿನ ಹೆಸರು, ಗುರುವಿನ ಹೆಸರು. ನಾಸ್ ಕ್ವೀನ್ಸ್‌ಬ್ರಿಜ್ ಅನ್ನುತ್ತಾನೆ, ಇವರು ತಮ್ಮೂರು ಅನ್ನುತ್ತಾರೆ. ಸಾವಿರ ಜನ ನೆಲದ ಮೇಲೆ ಕೂತು ಕೇಳಿದ ರಾತ್ರಿಗೆ ಮಾರಾಟ ಎಷ್ಟು ಅಂತ ಕೇಳಿದರೆ ಸೊನ್ನೆ.

ಶಕ್ತಿನಗರದ ಆ ಹುಡುಗನ ತೊಂಬತ್ತರ ಕ್ಯಾಸೆಟ್ಟಿನ ಮೊದಲ ನಕಲು ನನ್ನ ಹತ್ತಿರವೇ ಉಳಿದಿದೆ. ಎ ಸೈಡ್ ತುಂಬಿತ್ತು, ಬಿ ಸೈಡ್ ಖಾಲಿ. ಆ ವರ್ಷ ಮೊಹರಂ ಮುಗಿದ ಮೇಲೆ ಒಂದು ಹಳ್ಳಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ನಾಗೇಶಿ ಮೇಳ ಹಾಡಿದ್ದನ್ನು ಟೇಪ್‌ರೆಕಾರ್ಡರ್ ತೊಡೆಮೇಲಿಟ್ಟುಕೊಂಡು ಅದರ ಮೇಲೆ ತುಂಬಿಸಿಕೊಂಡೆ. ನಡುವೆ ನಾಯಿ ಬೊಗಳುತ್ತದೆ, ಯಾರೋ ಕೆಮ್ಮುತ್ತಾರೆ, ಒಂದು ಕಡೆ ಟೇಪು ಎಳೆದಂತಾಗುತ್ತದೆ. ಆ ಪದ ಬೇರೆ ಯಾವ ಕ್ಯಾಸೆಟ್ಟಿನಲ್ಲೂ ನನಗೆ ಸಿಕ್ಕಿಲ್ಲ. ಇವತ್ತಿಗಾಗಿ ಪ್ಲೇಯರಿಗೆ ಹೊಸ ಬೆಲ್ಟ್ ಹಾಕಿಸಿಕೊಂಡು ಬಂದಿದ್ದೇನೆ. ತಮ್ಮಾ, ಆ ವೈರು ಮೈಕಿಗೆ ಕೊಡಪ್ಪ. ಇಲ್‌ಮ್ಯಾಟಿಕ್ ನಿಮ್ಮ ಫೋನಿನಲ್ಲೇ ಇದೆ, ಬಿ ಸೈಡಿನಿಂದ ಶುರು ಮಾಡೋಣ.