ಪಕ್ಕದಲ್ಲಿ ಒಬ್ಬರು ಕೂತಿರಬೇಕು
(ಕೋಲಾರದ ಪದವಿ ಕಾಲೇಜೊಂದರಲ್ಲಿ ಮನೋವೈದ್ಯೆಯೊಬ್ಬರು ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಪ್ರಶ್ನೆಗಳಿದ್ದರೆ ಮೊದಲೇ ಚೀಟಿಯಲ್ಲಿ ಬರೆದು ಕೊಡಿ ಅಂದಿದ್ದೆ. ಒಂದು ಚೀಟಿ ಹೀಗಿದೆ: "ಮೇಡಂ, ಮ್ಯಾಜಿಕ್ ಮಶ್ರೂಮ್ ತಿಂದರೆ ಡಿಪ್ರೆಷನ್ ಹೋಗುತ್ತಂತೆ, ನಿಜನಾ?" ಹೆಸರು ಬರೆದಿಲ್ಲ. ಬೇಕಾಗಿಯೂ ಇಲ್ಲ. ಬೈದು ಬಾಯಿ ಮುಚ್ಚಿಸುವಂಥ ಪ್ರಶ್ನೆ ಅಲ್ಲ ಇದು. ಇವತ್ತು ಇದಕ್ಕೇ ಉತ್ತರ ಹೇಳೋಣ ಅಂತ ಬಂದಿದ್ದೇನೆ.

ಆ ಅಣಬೆಯಲ್ಲಿ, ಇಲ್ಲದ್ದು ಕಾಣಿಸುವಂತೆ ಮಾಡುವ ವಸ್ತುವಿನ ಹೆಸರು ಸಿಲೋಸೈಬಿನ್. 1958ರಲ್ಲಿ ಅದನ್ನು ಬೇರ್ಪಡಿಸಿದವರು ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್‌ಮನ್. 1938ರಲ್ಲಿ ಇದೇ ಥರದ ಎಲ್‌ಎಸ್‌ಡಿ ಅನ್ನುವ ವಸ್ತು ತಯಾರಿಸಿದವರೂ ಅವರೇ. ವೈದ್ಯರು ಕೆಲವು ವರ್ಷ ಇವನ್ನು ಕಾಯಿಲೆಗಳಿಗೆ ಕೊಟ್ಟು ನೋಡಿದರು. ಆಮೇಲೆ ಬೀದಿಗೂ ಬಂದವು. ಇಂಥ ವಸ್ತುಗಳಿಗೆ ಕಡಿವಾಣ ಹಾಕಿದ 1971ರ ವಿಶ್ವಸಂಸ್ಥೆಯ ಒಪ್ಪಂದದ ಹೊತ್ತಿಗೆ ಸಂಶೋಧನೆ ಹೆಚ್ಚುಕಡಿಮೆ ನಿಂತೇ ಹೋಯಿತು. ಮತ್ತೆ ಚುರುಕಾಗಿದ್ದು ಈ ಶತಮಾನದಲ್ಲಿ.

ಅದಿರಲಿ. ನನ್ನ ಹತ್ತಿರ ಬಂದಿದ್ದ ಒಬ್ಬ ರೈತರ ವಿಷಯ ಹೇಳುತ್ತೇನೆ. ಟೊಮೆಟೊ ರೇಟು ಬಿದ್ದ ವರ್ಷ. ಮಂಡಿಗೆ ತಂದ ಬಾಕ್ಸುಗಳಿಗೆ ಗಾಡಿ ಬಾಡಿಗೆಯೂ ಹುಟ್ಟಲಿಲ್ಲ. ಹಣ್ಣನ್ನು ರಸ್ತೆ ಪಕ್ಕ ಸುರಿದು ಮನೆಗೆ ಹೋಗಿದ್ದರು. "ಏನೂ ಆಗಿಲ್ಲಮ್ಮ, ನಿದ್ದೆ ಒಂದು ಬರಲ್ಲ" ಅಂದರು. ಟೊಮೆಟೊ ಗಿಡ ಮುಟ್ಟಿದ ಕೈಗೆ ಕಪ್ಪು ಕರೆ ಹಿಡಿಯುತ್ತಲ್ಲ, ಮಾತಾಡುವಷ್ಟು ಹೊತ್ತೂ ಅದನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದರು. ಆರು ತಿಂಗಳಿಂದ ಅವರು ಅತ್ತಿರಲಿಲ್ಲ. ನಮ್ಮಲ್ಲಿ ಇದನ್ನೇ ಧೈರ್ಯ ಅಂತೀವಿ, ಅಲ್ವಾ? ಅದುಮಿಟ್ಟ ದುಃಖ ಎಲ್ಲಿಗೂ ಹೋಗುವುದಿಲ್ಲ. ನಿದ್ದೆ ಕೆಡಿಸುತ್ತದೆ, ಹೊಟ್ಟೆ ಕೆಡಿಸುತ್ತದೆ, ಮಕ್ಕಳ ಮೇಲೆ ಸಿಟ್ಟಾಗಿ ಹೊರಗೆ ಬರುತ್ತದೆ.

ಖಿನ್ನತೆಗೆ ನಾವು ದಿನಾ ಕೊಡುವ ಮಾತ್ರೆಗಳು ಭಾವನೆಗಳ ಸದ್ದನ್ನು ಸ್ವಲ್ಪ ತಗ್ಗಿಸುತ್ತವೆ. ಎಷ್ಟೋ ಜನಕ್ಕೆ ಎದ್ದು ಓಡಾಡಲು ಅಷ್ಟು ಸಾಕಾಗುತ್ತದೆ. ಆ ರೈತರೂ ಹಾಗೇ ಚೇತರಿಸಿಕೊಂಡರು. ಸಿಲೋಸೈಬಿನ್ ದಾರಿ ಬೇರೆ ಇರುವಂತೆ ಕಾಣುತ್ತದೆ. ಮೆದುಳಿನಲ್ಲಿ ಅಮಿಗ್ಡಲ ಅಂತ ಬಾದಾಮಿಯಂಥ ಒಂದು ಭಾಗವಿದೆ, ಭಯ ಬಂದಾಗ ಮೊದಲು ಎಚ್ಚರವಾಗುವ ಜಾಗ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಸಿಲೋಸೈಬಿನ್ ಪಡೆದ ಕೆಲವು ರೋಗಿಗಳಿಗೆ ಮರುದಿನ ಹೆದರಿದ ಮುಖಗಳ ಚಿತ್ರ ತೋರಿಸಿದರು. ಆ ಭಾಗ ಮೊದಲಿಗಿಂತ ಜೋರಾಗಿ ಸ್ಪಂದಿಸಿತು. ಆದರೂ ಅವರ ಖಿನ್ನತೆ ಇಳಿದಿತ್ತು. ಸಣ್ಣ ಅಧ್ಯಯನ, ನಿಜ. ಆದರೆ ಅದನ್ನು ಓದಿದಾಗ ನನಗೆ ಆ ರೈತರ ಹೆಬ್ಬೆರಳೇ ನೆನಪಾಯಿತು.

ಇಂಥ ಪ್ರಯೋಗದ ಕೋಣೆ ಹೇಗಿರುತ್ತದೆ ಗೊತ್ತಾ? ಮಂದ ಬೆಳಕು, ಒಂದು ಮಂಚ. ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ. ಅಳೆದು ಕೊಟ್ಟ ಔಷಧಿ, 25 ಮಿಲಿಗ್ರಾಂ. ಐದಾರು ಗಂಟೆ ಪಕ್ಕದಲ್ಲಿ ತರಬೇತಾದವರು ಕೂತಿರುತ್ತಾರೆ. ಹೆದರಿದರೆ ಕೈ ಹಿಡಿಯುತ್ತಾರೆ, ಅತ್ತರೆ ಅಳಲು ಬಿಡುತ್ತಾರೆ. ಅದಕ್ಕೆ ಮುಂಚೆ ದಿನಗಟ್ಟಲೆ ಮಾತುಕತೆ, ಆದಮೇಲೂ ಮಾತುಕತೆ. ಸಾವಾದ ಮನೆಗೆ ಹೋದಾಗ ನಾವೂ ಸುಮ್ನೆ ಪಕ್ಕದಲ್ಲಿ ಕೂರುತ್ತೇವಲ್ಲ, ಹಾಗೆ. ಔಷಧಿ ಮನಸ್ಸಿನ ಬಾಗಿಲು ತೆಗೆಯುತ್ತದೆ. ಒಳಗಿಂದ ಬಂದದ್ದನ್ನು ತಡೆದುಕೊಳ್ಳಲು ಆಸರೆ ಬೇಕು.

ಇಷ್ಟೆಲ್ಲ ಮಾಡಿದರೂ ಫಲಿತಾಂಶ ಪವಾಡದಂತಿಲ್ಲ. 2021ರಲ್ಲಿ 59 ರೋಗಿಗಳಲ್ಲಿ ಇದನ್ನು ಖಿನ್ನತೆಗೆ ದಿನಾ ಕೊಡುವ ಎಸ್ಸಿಟಾಲೋಪ್ರಾಮ್ ಮಾತ್ರೆ ಜೊತೆ ಹೋಲಿಸಿದರು. ಮುಖ್ಯ ಅಳತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ 233 ಜನರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ, 25 ಮಿಲಿಗ್ರಾಂ ಪಡೆದವರಲ್ಲಿ ಶೇ. 37ರಷ್ಟು ಮಂದಿಗೆ ಮೂರು ವಾರಕ್ಕೆ ಖಿನ್ನತೆ ಅರ್ಧಕ್ಕಿಂತ ಕೆಳಗಿಳಿಯಿತು. ನೆಪಕ್ಕೆ 1 ಮಿಲಿಗ್ರಾಂ ಪಡೆದವರಲ್ಲಿ ಶೇ. 18. ಮೂರು ತಿಂಗಳಾಗುವ ಹೊತ್ತಿಗೆ ಎಷ್ಟೋ ಜನಕ್ಕೆ ಆ ಲಾಭ ಉಳಿದಿರಲಿಲ್ಲ. ಕೆಲವರಲ್ಲಿ ಆತ್ಮಹತ್ಯೆಯ ಯೋಚನೆಯೂ ಬಂತು. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಅನುಮತಿ ಪಡೆದ ಮನೋವೈದ್ಯರು ಇದನ್ನು ಬರೆದುಕೊಡಬಹುದು. ನಮ್ಮಲ್ಲಿ ಮಾದಕ ವಸ್ತುಗಳ ವಿರುದ್ಧ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ, ಇಟ್ಟುಕೊಂಡರೂ ಕೇಸು.

ಕೇಸಿಗಿಂತ ನನಗೆ ಹೆಚ್ಚು ಭಯ ಇರುವುದು ಬೇರೆ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವಂಥ ಚಿತ್ತದ ಕಾಯಿಲೆ, ಇದ್ದರೆ ಅಂಥವರನ್ನು ಈ ಪ್ರಯೋಗಗಳಿಗೆ ಸೇರಿಸುವುದೇ ಇಲ್ಲ. ಚಿತ್ತ ಕೆಟ್ಟರೆ ವಾಪಸ್ ಬರುವುದು ಕಷ್ಟ. ಮನಸ್ಸಿನ ಅತಿಯಾದ ಏರಿಳಿತಕ್ಕೆ ಕೊಡುವ ಲಿಥಿಯಂ ನುಂಗುವವರು ತೆಗೆದುಕೊಂಡು ಫಿಟ್ಸ್ ಬಂದದ್ದೂ ಇದೆ. ಮಳೆ ಬಿದ್ದ ಮೇಲೆ ಬದುವಿನಲ್ಲಿ ಏಳುವ ನಾಯಿಕೊಡೆಗಳಲ್ಲಿ ಲಿವರ್ ಸುಟ್ಟು ಹಾಕುವಂಥವೂ ಇವೆ. ನೋಡಿ ಗುರುತು ಹಿಡಿಯುತ್ತೇನೆ ಅನ್ನಬೇಡಿ. ಉಮ್ಮತ್ತಿ ಕಾಯಿಯನ್ನೂ ಇದೇ ಸಾಲಿಗೆ ಸೇರಿಸುವವರಿದ್ದಾರೆ. ಅದು ಬರೀ ವಿಷ. ಎದೆ ಹೊಡೆದುಕೊಳ್ಳುತ್ತದೆ, ಮೈ ಸುಡುತ್ತದೆ, ಯಾರು ಎದುರಿಗಿದ್ದಾರೆ ಅನ್ನುವುದೂ ಗೊತ್ತಾಗುವುದಿಲ್ಲ.

ಚೀಟಿ ಬರೆದವರೇ, ನೀವು ಕೇಳಿದ್ದು ನಿಮ್ಮದೇ ಕಷ್ಟ ಆಗಿದ್ದರೆ, 14416ಕ್ಕೆ ಫೋನ್ ಮಾಡಿ. ಟೆಲಿಮಾನಸ್ ಅಂತ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಇವತ್ತು ಸಂಜೆ 5ರವರೆಗೆ ಲೈಬ್ರರಿ ಪಕ್ಕದ ರೂಮಿನಲ್ಲಿ ಇರುತ್ತೇನೆ. ಒಬ್ಬರೇ ಬರಲು ಮುಜುಗರ ಆದರೆ ಗೆಳೆಯರನ್ನು ಕರೆದುಕೊಂಡು ಬನ್ನಿ.