ಎಳೆಯೊಳಗೊಂದು ತೂತು

ಕೇಳುಗರಿಗೆ ನಮಸ್ಕಾರ. ಬೇಸಿಗೆಯಲ್ಲಿ ಅಂಗಳದ ಕೋಲಿನ ಮೇಲೆ ಶಾವಿಗೆ ಒಣಗುವುದನ್ನು ನೋಡಿರುತ್ತೀರಿ. ಆ ಎಳೆ ಕೂದಲಷ್ಟು ಸಣ್ಣಗಾಗಿ, ನಡುವೆ ಉದ್ದಕ್ಕೂ ತೂತಿದ್ದರೆ? ಕಿಡ್ನಿ ಕೆಟ್ಟವರ ರಕ್ತ ಸೋಸುವ ಹುಬ್ಬಳ್ಳಿಯ ಡಯಾಲಿಸಿಸ್ ವಾರ್ಡಿನಲ್ಲಿ ನನ್ನ ದಿನ ಕಳೆಯುವುದೇ ಅಂಥ ಎಳೆಗಳ ಜೊತೆ.

ಇದನ್ನು ಮಾಡುವುದೂ ಶಾವಿಗೆ ಒತ್ತಿದ ಹಾಗೇ. ಪಾಲಿಸಲ್ಫೋನ್ ಎಂಬ ಪ್ಲಾಸ್ಟಿಕ್ಕನ್ನು ಒಂದು ರಾಸಾಯನಿಕದಲ್ಲಿ ಕರಗಿಸಿ, ಉಂಗುರದಂಥ ಸಂದಿಯಿಂದ ಒತ್ತುತ್ತಾರೆ. ನಡುವೆ ಬೇರೆ ದ್ರವ ಹರಿಯುತ್ತಿರುತ್ತದೆ, ಹಾಗಾಗಿ ಎಳೆ ಪೊಳ್ಳಾಗುತ್ತದೆ. ನೀರಿಗೆ ಇಳಿಸಿದಾಗ ಆ ರಾಸಾಯನಿಕ ಹೊರಟುಹೋಗಿ, ಗೋಡೆ ತುಂಬ ಕಣ್ಣಿಗೆ ಕಾಣದ ರಂಧ್ರ ಬೀಳುತ್ತವೆ.

ಮನೆಯಲ್ಲಿ ನೀರು ಸೋಸುವ ಯುಎಫ್ (ಅಲ್ಟ್ರಾಫಿಲ್ಟ್ರೇಶನ್) ಫಿಲ್ಟರಿನಲ್ಲಿರುವುದೂ ಇಂಥವೇ ಎಳೆಗಳು. ಕೆಸರು, ಬ್ಯಾಕ್ಟೀರಿಯಾ ಎರಡನ್ನೂ ತಡೆಯುತ್ತವೆ. ಆದರೆ ಕರಗಿದ್ದನ್ನು ತಡೆಯುವುದಿಲ್ಲ. ಮುಂಡರಗಿ ಕಡೆಯ ನಮ್ಮ ಸೋದರಮಾವ ಬೋರ್‌ವೆಲ್ ನೀರಿಗೆ ಇದನ್ನೇ ಹಾಕಿಸಿದ್ದರು. ನೀರೇನೋ ತಿಳಿಯಾಯಿತು, ಫ್ಲೋರೈಡ್ ಮಾತ್ರ ಹಾಗೇ ಉಳಿಯಿತು. ಅದಕ್ಕೆ ಕರಗಿದ್ದನ್ನೂ ತಡೆಯುವ ಆರ್‌ಓ ಫಿಲ್ಟರ್ ಬೇಕು ಮಾಮಾ ಎಂದರೆ, "ಮದ್ಲ ಹೇಳಬಾರ್ದೇನೋ" ಅಂತ ನನಗೇ ಬೈದರು.

ಮಾವನಿಗೆ ಕೈಕೊಟ್ಟ ಆ ಗುಣವೇ ನಮ್ಮ ವಾರ್ಡಿನಲ್ಲಿ ಜೀವ ಉಳಿಸುತ್ತದೆ. ಡಯಲೈಸರ್ ಅಂದರೆ ಗೇಣುದ್ದದ ಕೊಳವೆ, ಒಳಗೆ ಸುಮಾರು 10,000 ಎಳೆ. ಎಳೆಯೊಳಗೆ ರಕ್ತ ಹರಿಯುತ್ತದೆ, ಹೊರಗೆ ಎದುರು ದಿಕ್ಕಿನಲ್ಲಿ ಡಯಾಲಿಸಿಸ್ ದ್ರವ. ಇಲ್ಲಿನ ರಂಧ್ರ ಇನ್ನೂ ಸಣ್ಣವು. ರಕ್ತಕಣ, ಅಲ್ಬುಮಿನ್ ಎಂಬ ಪ್ರೋಟೀನ್ ಒಳಗೇ ಉಳಿಯುತ್ತವೆ, ಯೂರಿಯಾದಂಥ ಕರಗಿದ ಸಣ್ಣ ಕಲ್ಮಶಗಳು ಗೋಡೆ ದಾಟಿ ಹೋಗುತ್ತವೆ. ಮೊದಲು 1940ರ ದಶಕದಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ಡಚ್ ವೈದ್ಯರು ಮಾಂಸದ ಸಾಸೇಜಿಗೆ ಸುತ್ತುವ ಸೆಲೊಫೇನ್ ಕೊಳವೆಯಲ್ಲಿ ರಕ್ತ ಹರಿಸಿದ್ದರು. ಅದೊಂದು ದೊಡ್ಡ ಡ್ರಮ್ಮು. ಈಗ ಅಷ್ಟೂ ಕೆಲಸ ಅಂಗೈಯಲ್ಲಿ ಹಿಡಿಯುವಷ್ಟರೊಳಗೆ ಆಗುತ್ತದೆ.

ಆದರೆ ಹೊರಗೆ ಹೋಗುವ ದಾರಿ ಒಳಗೆ ಬರುವ ದಾರಿಯೂ ಹೌದಲ್ವಾ? ನಿಮಿಷಕ್ಕೆ 500 ಮಿಲಿಲೀಟರ್ ದ್ರವ ಅಂದರೆ 4 ಗಂಟೆಗೆ 120 ಲೀಟರ್. ಅದರ ನೀರಿನಲ್ಲಿ ಫ್ಲೋರೈಡ್ ಇದ್ದರೆ ಸೀದಾ ರಕ್ತಕ್ಕೆ ಹೋಗುತ್ತದೆ. ಅದಕ್ಕೇ ಬೆಳಿಗ್ಗೆ ಮೊದಲು ನಾನು ನೋಡುವುದು ರೋಗಿಯನ್ನಲ್ಲ, ಆರ್‌ಓ ಯಂತ್ರವನ್ನು.

ಕೊನೆಗೆ ಸಲೈನ್ ಹರಿಸಿ ರಕ್ತವನ್ನು ಮೈಗೆ ಮರಳಿಸುತ್ತೇವೆ. ಕೆಂಪಗಿದ್ದ ಎಳೆಗಳು ಒಂದು ತುದಿಯಿಂದ ಬೆಳ್ಳಗಾಗುತ್ತಾ ಬರುತ್ತವೆ. ಕೆಂಪು ಗೆರೆ ಉಳಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತ ಲೆಕ್ಕ. ಹಳ್ಳಿಯಿಂದ ಬರುವ ಕಾಕಾ ಒಬ್ಬರು ಕಣ್ಣು ಮುಚ್ಚಿಕೊಂಡೇ ಕೇಳುತ್ತಾರೆ, "ಬೆಳ್ಳಗಾತೇನಪಾ?"

"ಎರಡ ಗೆರಿ ಉಳದಾವ್ರೀ ಕಾಕಾ, ತಡೀರಿ."