ತೀರ್ಪು ಬಂದ ಮೇಲೆ ಕೇಳುವವರು ಯಾರು?

ಹಾಸನದ ಹಿರಿಯ ವಕೀಲರೇ, ಕಾನೂನು ವಿದ್ಯಾರ್ಥಿಗಳೇ, ಆಲೂರು, ಸಕಲೇಶಪುರ, ಗೊರೂರು ಕಡೆಯಿಂದ ಬಂದಿರುವ ರೈತ ಬಂಧುಗಳೇ,

ಉಪವಿಭಾಗಾಧಿಕಾರಿ ಕಚೇರಿಯ ಕುರ್ಚಿ, ಕಂಪ್ಯೂಟರ್, ಕೆಲವು ಸಲ ಸಾಹೇಬರ ಜೀಪೇ ಜಪ್ತಿಯಾದ ಸುದ್ದಿಯನ್ನು ಪೇಪರಿನಲ್ಲಿ ನೀವೆಲ್ಲ ಓದಿರುತ್ತೀರಿ. ನಮ್ಮ ರಾಜ್ಯದಲ್ಲಿ ಅದು ಅಪರೂಪದ ಸುದ್ದಿಯೇನಲ್ಲ. ಓದಿ ನಕ್ಕು ಪುಟ ತಿರುಗಿಸುತ್ತೇವೆ. ಆದರೆ ಕೋರ್ಟಿನ ಅಮೀನರು ಆ ಕುರ್ಚಿಗೆ ಕೈ ಹಾಕುವ ಮುಂಚೆ ಏನೇನು ನಡೆದಿರುತ್ತದೆ? ನಾಲೆಗೋ ರಸ್ತೆಗೋ ಜಮೀನು ಹೋಗಿರುತ್ತದೆ. ಪರಿಹಾರ ಸಾಲದೆಂದು ರೈತ ಕೋರ್ಟಿಗೆ ಹೋಗಿ, ವರ್ಷಗಟ್ಟಲೆ ವಾಯಿದೆಗೆ ಅಲೆದು ಗೆದ್ದಿರುತ್ತಾನೆ. ಸರ್ಕಾರ ಮೇಲ್ಮನವಿ ಹೋಗಿ ಅಲ್ಲಿಯೂ ಸೋತಿರುತ್ತದೆ. ಆಮೇಲೂ ಹಣ ಬರದೆ, ತೀರ್ಪು ಜಾರಿಮಾಡಿಸಿ ಎಂದು ಕೋರುವ ಅಮಲ್ಜಾರಿ ಅರ್ಜಿ ಬಿದ್ದಿರುತ್ತದೆ. ಅಷ್ಟರಲ್ಲಿ ಆ ರೈತ ತೀರಿಕೊಂಡಿದ್ದರೆ, ವಾರಸುದಾರರನ್ನು ಕೇಸಿಗೆ ಸೇರಿಸುವುದಕ್ಕೆ ಮತ್ತೊಂದು ಅರ್ಜಿ. ಇತ್ತ ಬಾಕಿ ಮೊತ್ತಕ್ಕೆ ಮೊದಲ ವರ್ಷ ಶೇ 9, ಆಮೇಲೆ ಶೇ 15ರಂತೆ ಬಡ್ಡಿ ಏರುತ್ತಲೇ ಇರುತ್ತದೆ. ಅದನ್ನು ಕಟ್ಟುವುದು ನಮ್ಮ ತೆರಿಗೆ ಹಣದಿಂದ.

ನಾಗರಿಕನಿಗೆ ಕೋರ್ಟು ಒಂದು ಆದೇಶ ಕೊಟ್ಟರೆ ಪಾಲಿಸಲೇಬೇಕು. ಅದೇ ಆದೇಶ ಸರ್ಕಾರಕ್ಕೆ ಬಂದರೆ ಪಾಲನೆಯಾಯಿತೇ ಎಂದು ಬೆನ್ನು ಹತ್ತಿ ಕೇಳುವವರು ಯಾರು? ಇವತ್ತು ನಾನು ಮಾತಾಡಬೇಕೆಂದಿರುವುದು ಇಷ್ಟರ ಬಗ್ಗೆಯೇ.

ಯುರೋಪಿನಲ್ಲಿ ಇದಕ್ಕೆ ಒಂದು ಏರ್ಪಾಡಿದೆ. ಅಲ್ಲಿನ ಮಾನವ ಹಕ್ಕುಗಳ ಒಡಂಬಡಿಕೆಯ 6ನೇ ವಿಧಿ, ಪ್ರತಿಯೊಬ್ಬರ ವ್ಯಾಜ್ಯವೂ ನ್ಯಾಯವಾದ ಕಾಲಮಿತಿಯೊಳಗೆ ಇತ್ಯರ್ಥವಾಗಬೇಕು ಎನ್ನುತ್ತದೆ. ಸ್ವದೇಶದ ಕೋರ್ಟು ತಡಮಾಡಿದರೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿರುವ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಬಹುದು. ಅದರ ತೀರ್ಪಿಗೆ ಸರ್ಕಾರಗಳು ಬದ್ಧ. ತೀರ್ಪಿನೊಂದಿಗೆ ಕಡತ ಮುಚ್ಚುವುದಿಲ್ಲ. ಈ ಒಡಂಬಡಿಕೆಯ ಹಿಂದಿರುವ ದೇಶಗಳ ಕೂಟವಾದ ಕೌನ್ಸಿಲ್ ಆಫ್ ಯುರೋಪ್‌ನ ಮಂತ್ರಿಗಳ ಸಮಿತಿಗೆ ಅದು ವರ್ಗವಾಗುತ್ತದೆ. ಅರ್ಜಿದಾರನಿಗೆ ಹಣ ಸಂದಿತೇ, ಅವನ ಕೇಸು ಮುಗಿಯಿತೇ, ಮುಂದೆ ಇನ್ನೊಬ್ಬರಿಗೆ ಹೀಗಾಗದಂತೆ ಕಾನೂನು ಬದಲಾಯಿತೇ ಎಂದು ಸಮಿತಿ ಸರ್ಕಾರವನ್ನು ಕೇಳುತ್ತಲೇ ಇರುತ್ತದೆ. ಉತ್ತರ ಸಮಾಧಾನ ತರುವವರೆಗೆ ಕಡತ ತೆರೆದೇ ಇರುತ್ತದೆ.

ಹಾಗೆಂದು ಅಲ್ಲಿ ಎಲ್ಲವೂ ಸರಿಹೋಯಿತೆಂದು ತಿಳಿಯಬೇಡಿ. ಇಟಲಿಯ ವಿರುದ್ಧ ವಿಳಂಬದ ತೀರ್ಪುಗಳು ಸಾಲುಸಾಲಾಗಿ ಬಂದಾಗ 2001ರಲ್ಲಿ ಪಿಂಟೋ ಕಾಯಿದೆ ಬಂತು. ಕೇಸು ತಡವಾದರೆ ಇಟಲಿಯ ಕೋರ್ಟಿನಲ್ಲೇ ಪರಿಹಾರ ಕೇಳಬಹುದು. ಆದರೆ ಮೂಲ ಕೇಸುಗಳು ನಿಧಾನವಾಗಿಯೇ ಉಳಿದವು. ಪಿಂಟೋ ಅರ್ಜಿಗಳೇ ಮೇಲ್ಮನವಿ ನ್ಯಾಯಾಲಯಗಳ ಮೇಲೆ ಹೊರೆಯಾದವು. ಮಂಜೂರಾದ ಪರಿಹಾರದ ಹಣವನ್ನೂ ಸರ್ಕಾರ ತಡಮಾಡಿ ಕೊಟ್ಟಿತು. ಆ ತಡದ ವಿರುದ್ಧ ಜನ ಮತ್ತೆ ಸ್ಟ್ರಾಸ್‌ಬರ್ಗ್‌ಗೆ ಹೋದರು! ದಂಡ ಕಟ್ಟುವುದು ಸುಲಭ, ಕೋರ್ಟು ಸರಿಪಡಿಸುವುದು ಕಷ್ಟ. ಬಹಳಷ್ಟು ಸರ್ಕಾರಗಳು ಸುಲಭದ ದಾರಿ ಹಿಡಿಯುತ್ತವೆ. ಜರ್ಮನಿ 2011ರಲ್ಲಿ, ಸ್ಟ್ರಾಸ್‌ಬರ್ಗ್ ತೀರ್ಪಿನ ಒತ್ತಡದಿಂದಲೇ, ತಡವಾದ ಪ್ರತಿ ವರ್ಷಕ್ಕೆ 1,200 ಯೂರೋ ಎಂದು ಕಾನೂನು ಮಾಡಿತು. ಅದರಲ್ಲಿ ನನಗೆ ಹಿಡಿಸಿದ ಅಂಶವೆಂದರೆ, ಕಕ್ಷಿದಾರ ಮೊದಲು ಕೇಸು ನಡೆಯುತ್ತಿರುವ ಕೋರ್ಟಿಗೇ ವಿಳಂಬದ ಆಕ್ಷೇಪ ಸಲ್ಲಿಸಬೇಕು. ಎಚ್ಚರಿಕೆ ಮೊದಲು, ಹಣ ಆಮೇಲೆ.

ನಮ್ಮ ಜಪ್ತಿ ಕೇಸುಗಳಿಗೆ ತೀರಾ ಹತ್ತಿರವಾದದ್ದು ರಷ್ಯಾದ ಬುರ್ದೋವ್ ಪ್ರಕರಣ. ಚೆರ್ನೋಬಿಲ್ ದುರಂತದ ಪರಿಹಾರ ಕಾರ್ಯದಲ್ಲಿ ದುಡಿದು ವಿಕಿರಣಕ್ಕೆ ತುತ್ತಾದ ಮನುಷ್ಯ. ತನ್ನ ದೇಶದ ಕೋರ್ಟಿನಲ್ಲೇ ಗೆದ್ದಿದ್ದ. ಸರ್ಕಾರ ಹಣ ಕೊಡಲಿಲ್ಲ. 2002ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಗೆದ್ದ, 2009ರಲ್ಲಿ ಎರಡನೇ ಸಲ ಗೆಲ್ಲಬೇಕಾಯಿತು. ಬೊಕ್ಕಸದಲ್ಲಿ ದುಡ್ಡಿಲ್ಲ ಎಂಬುದು ತೀರ್ಪಿನ ಹಣ ಬಾಕಿ ಉಳಿಸಿಕೊಳ್ಳಲು ನೆಪವಾಗಲಾರದು ಎಂದು ನ್ಯಾಯಾಲಯ ಹೇಳಿತು. 2010ರಲ್ಲಿ ರಷ್ಯಾ ಒಂದು ಪರಿಹಾರ ಕಾಯಿದೆ ಮಾಡಿತು. 2022ರಲ್ಲಿ ಕೌನ್ಸಿಲ್ ಆಫ್ ಯುರೋಪ್ ಕೂಟದಿಂದಲೇ ಹೊರಬಿತ್ತು.

ನಮ್ಮಲ್ಲಿ? ಬಿಹಾರದ ಜೈಲುಗಳಲ್ಲಿ ಕೆಲವರು ಪೂರ್ತಿ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದರು. 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯ ಭಾಗವೇ ಎಂದು ಸಾರಿತು. ಅದೇ ವರ್ಷ ಭಾರತ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿತು. ಆದರೆ ವ್ಯಕ್ತಿಯೊಬ್ಬ ನೇರವಾಗಿ ವಿಶ್ವಸಂಸ್ಥೆಯ ಸಮಿತಿಗೆ ದೂರು ಕೊಡಲು ಬಾಗಿಲು ತೆರೆಯುವ ಐಚ್ಛಿಕ ಪ್ರೋಟೋಕಾಲ್ ಅನ್ನು ಒಪ್ಪಲಿಲ್ಲ. ಹಾಗಾಗಿ ಹೊರಗಿನಿಂದ ಕೇಳುವವರಿಲ್ಲ. ಒಳಗೆ, 2002ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಪಿ. ರಾಮಚಂದ್ರ ರಾವ್ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ, ವಿಚಾರಣೆಗೆ ಇಂತಿಷ್ಟೇ ವರ್ಷ ಎಂದು ಗಡುವು ಹಾಕಲಾಗದು, ಹಕ್ಕು ಮಾತ್ರ ಇದ್ದೇ ಇದೆ ಎಂದಿತು. ಅದೇ ವರ್ಷ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು, ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಐದು ವರ್ಷದೊಳಗೆ ಆಗಬೇಕು ಎಂದು ನಿರ್ದೇಶಿಸಿತು. ಈಗ ಆ ಸಂಖ್ಯೆ 21ರ ಆಸುಪಾಸಿನಲ್ಲಿದೆ. ಇದು ನನಗೆ ಕೋಪ ತರಿಸುವ ವಿಷಯ. ಖಾಲಿ ಪೀಠದ ಮುಂದೆ ಎಷ್ಟು ಒಳ್ಳೆಯ ವಕೀಲ ನಿಂತರೂ ಕೇಸು ಮುಂದೆ ಹೋಗದು.

ಕೇಳಿದರೆ ಕೆಲಸವಾಗುತ್ತದೆ ಎನ್ನುವುದಕ್ಕೆ ನಮ್ಮಲ್ಲೇ ಆಧಾರವಿದೆ. ಅಮಲ್ಜಾರಿ ಅರ್ಜಿ ಆರು ತಿಂಗಳಲ್ಲಿ ಮುಗಿಯಬೇಕು ಎಂದು ಸುಪ್ರೀಂ ಕೋರ್ಟು 2021ರಲ್ಲೇ ಹೇಳಿತ್ತು. ಹೇಳಿದ್ದು ಹಾಗೇ ಉಳಿಯಿತು. 2025ರ ಮಾರ್ಚ್‌ನಲ್ಲಿ ಪೆರಿಯಮ್ಮಾಳ್ ಪ್ರಕರಣದಲ್ಲಿ, ಬಾಕಿ ಎಷ್ಟಿದೆ ಲೆಕ್ಕ ಕೊಡಿ, ಆರು ತಿಂಗಳಲ್ಲಿ ಮುಗಿಸಿ ಎಂದು ಹೈಕೋರ್ಟುಗಳಿಗೆ ಸೂಚಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಕೇಳಿತು. ಆರು ತಿಂಗಳಲ್ಲಿ 3.38 ಲಕ್ಷ ಅರ್ಜಿಗಳು ಇತ್ಯರ್ಥವಾಗಿದ್ದವು. ಆಗ ಇನ್ನೂ 8.82 ಲಕ್ಷ ಬಾಕಿ ಇದ್ದವು ಎಂಬುದು ನಿಜ, ನ್ಯಾಯಾಲಯ ತೀವ್ರ ಬೇಸರ ವ್ಯಕ್ತಪಡಿಸಿದ್ದೂ ನಿಜ. ಆದರೂ ಆ ಮೂರು ಲಕ್ಷ ಚಿಲ್ಲರೆ ಮನೆಗಳಿಗೆ ಉತ್ತರ ಸಿಕ್ಕಿದ್ದು ಒಬ್ಬರು ದಿನಾಂಕ ಹಾಕಿ ಲೆಕ್ಕ ಕೇಳಿದ್ದರಿಂದ.

ಹಾಗಾಗಿ ನನ್ನದೊಂದು ಕೋರಿಕೆ. ಹಾಸನ, ಸಕಲೇಶಪುರ, ಚನ್ನರಾಯಪಟ್ಟಣದ ಕೋರ್ಟುಗಳಲ್ಲಿ ಸರ್ಕಾರವೇ ಹಣ ಕೊಡಬೇಕಾಗಿರುವ ಅಮಲ್ಜಾರಿ ಅರ್ಜಿಗಳ ಪಟ್ಟಿ ಮಾಡೋಣ. ಕೇಸಿನ ಸ್ಥಿತಿ ಇ-ಕೋರ್ಟ್ಸ್ ತಾಣದಲ್ಲೇ ಸಿಗುತ್ತದೆ. ಸರ್ಕಾರದ ವಿರುದ್ಧದ ಡಿಕ್ರಿಗೆ, ಅಂದರೆ ಕೋರ್ಟಿನ ತೀರ್ಪಿನಂತೆ ಹೊರಟ ಆದೇಶಕ್ಕೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 82ನೇ ಸೆಕ್ಷನ್ ಮೂರು ತಿಂಗಳ ಅವಕಾಶ ಕೊಡುತ್ತದೆ. ಅದೇ ಲೆಕ್ಕದಲ್ಲಿ, ಮೂರು ತಿಂಗಳಿಗೊಮ್ಮೆ ಸಂಬಂಧಪಟ್ಟ ಇಲಾಖೆಗೆ ಬರೆದು ಕೇಳೋಣ: ಈ ಡಿಕ್ರಿಯ ಹಣಕ್ಕೆ ಅನುದಾನ ಕೋರಿ ಪತ್ರ ಹೋಗಿದೆಯೇ, ಯಾವ ತಾರೀಖಿಗೆ, ಈಗ ಯಾರ ಮೇಜಿನ ಮೇಲಿದೆ? ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. ವಿದ್ಯಾರ್ಥಿಗಳು ತಾಲ್ಲೂಕು ಹಂಚಿಕೊಂಡು ಪಟ್ಟಿ ಶುರುಮಾಡಿ. ರೈತರು ತಮ್ಮ ಕೇಸ್ ನಂಬರನ್ನು ಇವತ್ತೇ ಬರೆಸಿ ಹೋಗಿ. ಕರಡು ಪತ್ರ ಬರೆದುಕೊಡುವ ಹೊಣೆ ನನಗಿರಲಿ.